ಪೋರೂರಿನಲ್ಲಿ ಹಾಲೆಂಡಿನ ಚಳಿ

ನನ್ನ ತಮ್ಮ ಹಿಮ ನೋಡಿರುವುದು ನಮ್ಮ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೆ ಸಾವಿರದ ಆರುನೂರರ ಕಾಲದ ಹಾಲೆಂಡಿನಲ್ಲಿ ಕಾಲುವೆ ಹೆಪ್ಪುಗಟ್ಟಿದಾಗ ಯಾರು ಎಲ್ಲಿ ಜಾರಿ ಬಿದ್ದರು ಎಂದು ಕೇಳಿದರೆ ಸಾಕು, ಪಕ್ಕದ ಬೀದಿಯ ಸುದ್ದಿಯಂತೆ ಹೇಳುತ್ತಾನೆ!

ಆ ಕಾಲದವರು ಅಚ್ಚು ಹಾಕಿದ ಚಳಿಗಾಲದ ಚಿತ್ರಗಳೆಂದರೆ ಅವನಿಗೆ ಹುಚ್ಚು. ಪೆರಂಬೂರಿನ ರೈಲು ವರ್ಕ್‌ಶಾಪಿನಿಂದ ರಿಟೈರ್ ಆದಮೇಲೆ ತಾನೂ ಮಾಡಲು ಕೂತ. ತಾಮ್ರದ ತಗಡಿಗೆ ಕರಿ ಮೇಣ ಬಳಿದು, ಸೂಜಿಯಲ್ಲಿ ಗೀಚಿ, ಆಸಿಡ್ಡಿನಲ್ಲಿ ಅದ್ದುತ್ತಾನೆ. ಗೀಚಿದ ಕಡೆ ಆಸಿಡ್ಡು ತಾಮ್ರ ತಿನ್ನುತ್ತದೆ. ಆ ಗೀರಿಗೆ ಮಸಿ ತುಂಬಿ ಕಾಗದ ಒತ್ತಿದರೆ ಚಿತ್ರ.

"ಹಿಮ ಎಲ್ಲೋ?" ಎಂದೆ.

"ಗೀಚದೆ ಬಿಟ್ಟ ಬಿಳೀ ಕಾಗದವೇ ಹಿಮ, ಅಕ್ಕಾ."

"ಹಂಗಾದ್ರೆ ಕ್ಯಾಲೆಂಡರ್ ಹಿಂದುಗಡೆಯೂ ಹಾಲೆಂಡೇ ಬಿಡು!"

ಮೇ ತಿಂಗಳ ಪೋರೂರಿನಲ್ಲಿ ಮಂಕಿ ಕ್ಯಾಪ್ ಹಾಕಿ ಕೂರುತ್ತಾನೆ, ಚಳಿಯ ಭಾವ ಬರಲೆಂದು. ಮನೆಗೆಲಸದ ಸೆಲ್ವಿ ಗಾಬರಿಯಾಗಿ ತನ್ನ ತಮಿಳಿನಲ್ಲಿ, "ಅಯ್ಯಾವುಕ್ಕು ಜೊರಮಾ, ಅಮ್ಮಾ?" ಎಂದಳು. ಜ್ವರವಲ್ಲ, ಹಾಲೆಂಡು ಎಂದೆ.

ಈ ವರ್ಷ ಅವನ ಕೈಗೆ ನಡುಕ ಶುರುವಾಯಿತು. "ಸೂಜಿ ಹಿಡಿಯೋ ಶಕ್ತಿ ಹೋಗೋದ್ರೊಳಗೆ ಒಂದೇ ಒಂದು ಒಳ್ಳೇ ಚಳಿಗಾಲ ಬಿಡಿಸ್ಬೇಕಕ್ಕಾ" ಎಂದ. ನಡುಕವಿಲ್ಲದ ಗಳಿಗೆ ಕಾದು ಕಾದು ಒಂದು ತಗಡು ಗೀಚಿ ಮುಗಿಸಿದ. ಆಸಿಡ್ಡಿಗೆ ಅದ್ದುವ ಮುನ್ನ ಹಿತ್ತಲ ಕಟ್ಟೆಯ ಮೇಲಿಟ್ಟ. ಅವತ್ತು ಶುಕ್ರವಾರ. ಪೂಜೆಯ ತಾಮ್ರದ ತಟ್ಟೆ ಹೀಗೆ ಕರಿ ಹಿಡಿದಿದೆಯಲ್ಲ ಎಂದು ಸೆಲ್ವಿ ಹುಣಸೆಹಣ್ಣು, ತೆಂಗಿನ ನಾರು ಹಾಕಿ ಉಜ್ಜಿ, ಫಳಫಳ ಮಾಡಿ ತಂದಳು! "ಎಪ್ಪಡಿ ಇರುಕ್ಕು, ಅಯ್ಯಾ?"

ತಮ್ಮ ಅದರಲ್ಲಿ ತನ್ನ ಮುಖ ನೋಡಿಕೊಂಡ. "ಚೆನ್ನಾಗಿದೆ. ಬೇಸಿಗೆ ಬಂತು" ಎಂದ.

ಬಯ್ಯಲಿಲ್ಲ. ಊಟವನ್ನೂ ಮಾಡಲಿಲ್ಲ. "ಮತ್ತೆ ಗೀಚೋ" ಎಂದು ನಾನೇ ತಗಡು ಮುಂದಿಟ್ಟೆ. ಗೀಚಿದ. ಸೂಜಿ ಕುಣಿಯಿತು. ಅಚ್ಚು ತೆಗೆದು ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ಕೂತ. "ಒಂದು ಗೆರೆಯೂ ನೆಟ್ಟಗಿಲ್ಲ. ಮುಗೀತು ಬಿಡಕ್ಕಾ."

ಮೊದಲಿನ ಚಿತ್ರಗಳಲ್ಲಿ ಮರಗಳು ಲೈಟ್ ಕಂಬದ ಹಾಗೆ ನಿಂತಿರುತ್ತಿದ್ದವು. ಇದರಲ್ಲಿ ಮರ, ಮನೆ, ಮಂಜುಗಡ್ಡೆಯ ಮೇಲೆ ಜಾರುವ ಮುದುಕ, ಎಲ್ಲವೂ ಗಡಗಡ ನಡುಗುತ್ತಿದ್ದವು.

"ಲೋ, ಈಗ ಚಳಿ ಆಯ್ತು ಕಣೋ."

"ಸಮಾಧಾನಕ್ಕೆ ಹೇಳ್ತಿದ್ದೀಯ."

"ನಾನು ಯಾವತ್ತಾದ್ರೂ ಯಾರಿಗಾದ್ರೂ ಸಮಾಧಾನ ಹೇಳಿದ್ದು ನೋಡಿದ್ದೀಯೇನೋ?"

ಈ ಕಡೆ ತಿರುಗಿ ಅಚ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದ. ಆಮೇಲೆ ಇನ್ನೊಂದು ತಗಡು ತೆಗೆದ. ಮೇಣ ಚೆಲ್ಲದಂತೆ ಬಟ್ಟಲನ್ನು ನಾನು ಹಿಡಿದುಕೊಂಡೆ.