ಚಿಕ್ಕಪ್ಪನ ಬಗ್ಗೆ ಒಂದೇ ಒಂದು ನಿಜವಾದ ಒಳ್ಳೆಯ ಮಾತು

ನಮ್ಮ ಚಿಕ್ಕಪ್ಪ ಜನತೆಗೆ ಕೊಟ್ಟ ಅಸಂಖ್ಯ ಆಶ್ವಾಸನೆಗಳಲ್ಲಿ ಒಂದನ್ನು ಮಾತ್ರ ಅಕ್ಷರಶಃ ಈಡೇರಿಸಿದರು. "ನಾನು ಸಾಯೋ ತನಕ ನಿಮ್ಮನ್ನ ಬಿಡಲ್ಲ" ಎಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಿದ್ದರು, ಬಿಡಲಿಲ್ಲ! ಚಳ್ಳಕೆರೆಯಿಂದ ಹಿಡಿದು ಮೊಳಕಾಲ್ಮೂರು ದಾಟಿ ಆಂಧ್ರದ ಗಡಿಕಲ್ಲಿನವರೆಗೆ ಯಾರನ್ನೂ ಬಿಡಲಿಲ್ಲ. ಗಡಿಯಾಚೆಗಿದ್ದ, ಇವರಿಗೆ ಓಟು ಹಾಕುವ ಯೋಗವೇ ಇಲ್ಲದ ನಿರಪರಾಧಿಗಳನ್ನು ಸಹ ಬಸ್ ಸ್ಟ್ಯಾಂಡಿನಲ್ಲಿ ತಡೆದು ಕೈಮುಗಿದು, "ನಿಮ್ಮ ಆಶೀರ್ವಾದ ಇರ್ಲಿ" ಎನ್ನುತ್ತಿದ್ದರು. ಅವರು ಗೆದ್ದದ್ದು ಕಡಿಮೆ, ನಿಂತದ್ದು ಹೆಚ್ಚು. ಆದರೂ ಊರಿಗೆಲ್ಲ ಅವರು ‘ಲೀಡರು’. ಕೆಲವರು ಆ ಪದವನ್ನು ಗೌರವದಿಂದ ಅನ್ನುತ್ತಿದ್ದರು, ಬಹಳ ಮಂದಿ ಹಲ್ಲು ಕಡಿದು ಅನ್ನುತ್ತಿದ್ದರು.

ಅವರು ಲಿಂಗೈಕ್ಯರಾದ ಸುದ್ದಿ ಹಬ್ಬಿದಾಗ ನಮ್ಮೂರ ಹೋಟೆಲಿನಲ್ಲಿ ಯಾರೂ "ಹೆಂಗೆ ಹೋದ್ರು?" ಎಂದು ಕೇಳಲಿಲ್ಲವಂತೆ. "ಹೋಗುವಾಗ ಯಾವ ಪಕ್ಷದಾಗಿದ್ರು?" ಎಂದು ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಮನೆಯವರಾದ ನಮಗೂ ಉತ್ತರ ಗೊತ್ತಿರಲಿಲ್ಲ. ಅಂತಿಮ ದರ್ಶನಕ್ಕೆ ಎರಡು ಪಕ್ಷದವರು ಎರಡು ಬಾವುಟ ಹಿಡಿದು ಬಂದರು. ಬಂದವರು ಜಗಳವಾಡಿದರೇ? ಛೆ! "ನಿಮ್ಮೋರು, ನೀವೇ ಹೊದಿಸ್ರಿ", "ಇಲ್ಲ ಇಲ್ಲ, ಹಿರೇರು ನೀವಿದ್ದೀರಿ, ನೀವೇ ಹೊದಿಸ್ರಿ" ಎಂದು ಮದುವೆ ಮನೆಯ ಬೀಗರ ಹಾಗೆ ಒಬ್ಬರನ್ನೊಬ್ಬರು ಉಪಚರಿಸಿಕೊಂಡರು. ಕಡೆಗೆ ಚಿಕ್ಕಮ್ಮ ಒಳಗಿನಿಂದ ಒಂದು ಬಿಳಿ ಶಾಲು ತಂದು ತಾವೇ ಹೊದಿಸಿದರು.

ಎರಡು ದಿನ ಕಳೆದ ಮೇಲೆ ಚಿಕ್ಕಮ್ಮ ನನ್ನನ್ನು ಕರೆಸಿದರು.

"ಲೇ, ಶಿವಗಣಾರಾಧನೆ ದಿನ ಪೆಂಡಾಲಿನಾಗೆ ಭಾಷಣ ಇಟ್ಟವ್ರೆ. ನಮ್ಮ ಮನೆತನದಾಗೆ ನಾಲ್ಕಕ್ಷರ ಓದಿದೋನು ನೀನೊಬ್ನೇ. ನೀನು ಮಾತಾಡ್ಬೇಕು."

"ಆಗ್ಲಿ ಚಿಕ್ಕಮ್ಮ. ಏನು ಮಾತಾಡ್ಲಿ?"

"ಒಂದು ಒಳ್ಳೇ ಮಾತು. ಒಂದೇ ಸಾಕು. ಆದ್ರೆ ನಿಜ ಇರ್ಬೇಕು."

ನಾನು ಬೆಚ್ಚಿಬಿದ್ದೆ. ಒಳ್ಳೆಯ ಮಾತು ಎಷ್ಟು ಬೇಕಾದರೂ ಕೊಡಬಲ್ಲೆ. ನಿಜವನ್ನೂ ಬೇಕಾದಷ್ಟು ಕೊಡಬಲ್ಲೆ. ಎರಡನ್ನೂ ಒಂದೇ ವಾಕ್ಯದಲ್ಲಿ, ಅದೂ ಚಿಕ್ಕಪ್ಪನ ಬಗ್ಗೆ!

"ಸುಳ್ಳು ಕೇಳಿ ಕೇಳಿ ಕಿವಿ ತೂತು ಬಿದ್ದೈತೆ ನಂಗೆ" ಎಂದರು ಚಿಕ್ಕಮ್ಮ. "ಇಷ್ಟು ದಿನ ಇವ್ರ ಬಾಯಾಗೆ ಕೇಳಿದ್ದಾಯ್ತು. ಇನ್ನು ಇವ್ರ ಬಗ್ಗೆ ಮಂದಿ ಬಾಯಾಗೂ ಅದನ್ನೇ ಕೇಳ್ಲಾ? ನಾನು ಇಂಥೋರ ಹೆಂಡ್ತಿಯಾಗಿದ್ದೆ ಅಂತ ಒಂದ್ಸಲ ತಲೆಯೆತ್ತಿ ಕೂರ್ಬೇಕು ಕಣೋ. ಅಂಥದ್ದೊಂದು ಹುಡುಕ್ಕೊಂಡು ಬಾ."

ಮಾತು ಮುಗಿಸಿ ಚಿಕ್ಕಮ್ಮ ಅಡುಗೆಮನೆಗೆ ಹೋದರು. ಅವರು ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೊಂದು ಸಮಾಧಾನ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

ಹುಡುಕಾಟ ಶುರುವಾಯಿತು. ಮೊದಲು ಚಿಕ್ಕಪ್ಪನ ತತ್ವನಿಷ್ಠೆಯಿಂದಲೇ ಶುರುಮಾಡಿದೆ, ಮುಗಿಸಿದ್ದೂ ಅಷ್ಟೇ ಬೇಗ. ಚಿಕ್ಕಪ್ಪನ ಮಂಚದ ಕೆಳಗೆ ಒಂದು ಟ್ರಂಕು ಇತ್ತು. ಅದರಲ್ಲಿ ಅವರು ಸೇರಿ ಬಿಟ್ಟ, ಬಿಟ್ಟು ಸೇರಿದ ಎಲ್ಲ ಪಕ್ಷಗಳ ಶಾಲುಗಳನ್ನು ಚಿಕ್ಕಮ್ಮ ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಬಂದೊಡನೆ, "ಇವತ್ತು ಯಾವ್ದು ಕೊಡ್ಲಿ?" ಎಂದು ಕೇಳುವುದು, ಬೇರೆ ಮನೆಗಳಲ್ಲಿ "ರೊಟ್ಟಿಯೋ ಮುದ್ದೆಯೋ" ಎಂದು ಕೇಳುವಷ್ಟೇ ಸಹಜವಾಗಿತ್ತು. ಒಮ್ಮೆ ಅವಸರದಲ್ಲಿ ಹಳೆಯ ಪಕ್ಷದ ಶಾಲು ಹೊದ್ದು ಹೊಸ ಪಕ್ಷದ ವೇದಿಕೆ ಹತ್ತಿಬಿಟ್ಟರು. ಸಭೆ ಹೋ ಎಂದು ಕೂಗಿತು. ಇನ್ನೊಬ್ಬರಾಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಚಿಕ್ಕಪ್ಪ ಮೈಕ್ ಹಿಡಿದು, "ಕೂಗ್ಬೇಡ್ರಪ್ಪ, ಇದನ್ನ ಮನೇಲಿ ಬಿಚ್ಚಿದ್ರೆ ನೀವು ನಂಬ್ತಿದ್ರಾ? ನಿಮ್ಮ ಕಣ್ಣೆದುರೇ ಬಿಚ್ಚಿ ಬಿಸಾಕೋಣ ಅಂತ ಹೊದ್ಕೊಂಡು ಬಂದೆ!" ಎಂದು ಶಾಲನ್ನು ಜನರ ಮೇಲೆ ಎಸೆದರು. ಎಂಥ ಚಪ್ಪಾಳೆ! ಸಭೆ ಮುಗಿದ ಮೇಲೆ ಆ ಶಾಲನ್ನು ಹುಡುಕಿಸಿ ಮನೆಗೆ ತಂದರು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಮುಂದಿನ ವರ್ಷ ಅದು ಕೆಲಸಕ್ಕೆ ಬಂತು.

ಸರಿ, ಹೋರಾಟಗಾರ ಎನ್ನಲೇ? ಸರ್ಕಾರಿ ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲು ಉಳ್ಳಾರ್ತಿ ಕಾವಲಿನಲ್ಲಿ ಸುತ್ತಲ ಹಳ್ಳಿಗಳ ದನಗಳಿಗೂ ಮೇವು ಸಿಗಬೇಕೆಂದು ಒಂದು ಧರಣಿ ಮಾಡಿದ್ದರು. ಉದ್ದೇಶದಲ್ಲಿ ಲೋಪವಿಲ್ಲ. ಆದರೆ ಜೀಪಿನ ಮೇಲೆ ಎರಡು ಧ್ವನಿವರ್ಧಕ ಕಟ್ಟಿಸಿಕೊಂಡು ಹೋಗಿ, "ಬಂಧುಗಳೇ" ಎಂದು ಗರ್ಜಿಸಿದ್ದೇ ತಡ, ಹುಟ್ಟಿದಾಗಿನಿಂದ ಭಾಷಣವೆಂಬುದನ್ನೇ ಕೇಳದ ಅಮೃತಮಹಲ್ ಹೋರಿಗಳು ಕೊಂಬು ತಗ್ಗಿಸಿ ಓಡಿಬಂದವು. ಬಂಧುಗಳು ದಿಕ್ಕಾಪಾಲಾದರು. ಚಿಕ್ಕಪ್ಪ ಜೀಪಿನ ನೆತ್ತಿ ಏರಿದರು. ಇಳಿಯುವಂತಿಲ್ಲ, ಸುಮ್ಮನೆ ಕೂರುವ ಸ್ವಭಾವವೂ ಅಲ್ಲ. ಹಾಗಾಗಿ ಸುತ್ತ ನಿಂತ ಹೋರಿಗಳಿಗೇ ಪೂರ್ತಿ ಭಾಷಣ ಮಾಡಿದರು. "ನನ್ನ ಭಾಷಣ ಕಡೇ ತನಕ ಎದ್ದು ಹೋಗ್ದಂಗೆ ಕೇಳಿದ್ದು ಅವೇ ಕಣೋ" ಎಂದು ಆಮೇಲೆ ಹೆಮ್ಮೆಯಿಂದ ಹೇಳಿಕೊಂಡರು. ಚಿಕ್ಕಮ್ಮ ಕಾಫಿ ಲೋಟ ಕುಕ್ಕಿ, "ಅವತ್ತು ಒಂದು ಸುಳ್ಳೂ ಹೇಳಿರಾಕಿಲ್ಲ ಬಿಡು. ದನಕ್ಕೆ ಓಟಿಲ್ಲವಲ್ಲ" ಎಂದಿದ್ದರು.

ಉಳಿದದ್ದು ನೀರು. ನಮ್ಮ ಸೀಮೆಯಲ್ಲಿ ನೀರು ಕೊಟ್ಟವನನ್ನು ಯಾರೂ ಬಯ್ಯುವುದಿಲ್ಲ ಎಂಬ ಧೈರ್ಯದಲ್ಲಿ ಆ ದಿಕ್ಕಿಗೆ ಹೊರಳಿದೆ. ಆದರೆ ಚಿಕ್ಕಪ್ಪ ಬೋರ್‌ವೆಲ್ ಕೊರೆಸುವ ಜಾಗವನ್ನು ಸರ್ಕಾರದ ಭೂವಿಜ್ಞಾನಿಗೆ ಬಿಟ್ಟುಕೊಟ್ಟವರಲ್ಲ. ಅಂಗೈ ಮೇಲೆ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿಕೊಂಡು ತಾವೇ ಊರೆಲ್ಲ ನಡೆಯುವರು. ನೆಲದಡಿ ನೀರಿದ್ದ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಚಿಕ್ಕಪ್ಪನ ಕಾಯಿ ಮಾತ್ರ ರಾಜಕೀಯ ಪ್ರಜ್ಞೆಯುಳ್ಳದ್ದು. ಬಿ.ಜಿ. ಕೆರೆ ಎಂಬ ಊರಿನಲ್ಲಿ ಅದು ಕೆರೆಯ ಪಕ್ಕ ಮಲಗಿಯೇ ಇತ್ತು. ದೊಡ್ಡ ಸಂಸಾರವಿದ್ದ ಗೌಡರ ಅಂಗಳಕ್ಕೆ ಬಂದದ್ದೇ ಸೆಟೆದು ನಿಂತಿತು! ಪಕ್ಕದ ಗುಡಿಸಲಿನ ಮುದುಕಿಗೆ ತಡೆಯಲಾಗಲಿಲ್ಲ.

"ಅಲ್ಲಪ್ಪಾ ಲೀಡರೇ, ನಿನ್ ಕಾಯಿ ಬಡವರ ಮನೆ ಮುಂದೆ ನಿಲ್ಲಾಕಿಲ್ವಾ?"

"ಬಡವರ ಮನೆ ಮುಂದೆ ನಾನೇ ನಿಂತಿರ್ತೀನಲ್ಲವ್ವಾ!"

"ಹೂಂ ಹೂಂ, ನಲ್ಲಿ ತಿರುವಿದಂಗೆ ನಿನ್ನ ತಿರುವಿದ್ರೆ ನೀರು ಬರ್ತತಾ?"

ನಾನು ಸೋತೆ. ಶಿವಗಣಾರಾಧನೆಯ ದಿನ ಬಂದೇಬಿಟ್ಟಿತು.

ಪೆಂಡಾಲು ತುಂಬಿತ್ತು. ನಡುವೆ ಹೂವಿನ ಹಾರದ ಹಿಂದೆ ಚಿಕ್ಕಪ್ಪ ಫೋಟೋದಲ್ಲೂ ಕೈಮುಗಿದುಕೊಂಡು ಓಟು ಕೇಳುತ್ತಿದ್ದರು. ಚಿಕ್ಕಮ್ಮ ಬಾಗಿಲ ಪಕ್ಕ ಜಮಖಾನದ ಮೇಲೆ ಹೆಂಗಸರ ಜೊತೆ ಕೂತಿದ್ದರು. ಗಣ್ಯರು ಒಬ್ಬೊಬ್ಬರಾಗಿ ಎದ್ದರು. ‘ತುಂಬಲಾರದ ನಷ್ಟ’ ಎಂದರು ಒಬ್ಬರು. ಚಿಕ್ಕಪ್ಪನಿಂದ ತೆರವಾದ ಜಾಗವನ್ನು ಅವರು ಹಿಂದಿನ ವಾರವೇ ತುಂಬಿಕೊಂಡಾಗಿತ್ತು. ‘ತತ್ವಕ್ಕಾಗಿ ಬಾಳಿದವರು’ ಎಂದರು ಇನ್ನೊಬ್ಬರು. ಚಿಕ್ಕಪ್ಪನ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿದ್ದ ಮಹನೀಯರು ಗದ್ಗದಿತರಾಗಿ ‘ಅಜಾತಶತ್ರು’ ಎಂದರು. ಒಂದೊಂದು ವಿಶೇಷಣ ಬಿದ್ದಾಗಲೂ ಚಿಕ್ಕಮ್ಮನ ತಲೆ ಇಷ್ಟಿಷ್ಟೇ ತಗ್ಗುತ್ತಿತ್ತು. ತಗ್ಗಿದ ತಲೆಯಿಂದಲೇ ಕಣ್ಣೆತ್ತಿ ನನ್ನ ಕಡೆ ನೋಡುತ್ತಿದ್ದರು. ಮುಂದಿನ ಸರದಿ ನನ್ನದು.

"ಅಜಾತಶತ್ರು ಅಂತೆ! ಮತ್ತೆ ನಾನೇನು ಸತ್ತೀನಾ?"

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತಿದ್ದ. ಮೊಳಕಾಲ್ಮೂರಿನ ನೇಕಾರರ ಕೇರಿಯ ಯಜಮಾನ. ಚಿಕ್ಕಪ್ಪನನ್ನು ವರ್ಷಗಟ್ಟಲೆ ತನ್ನ ಓಣಿಗೆ ಪ್ರಚಾರಕ್ಕೆ ಕಾಲಿಡಲು ಬಿಡದ ಜಗಮೊಂಡ. ಕಾರ್ಯಕರ್ತರು ಓಡಿಬಂದು, "ಅಜ್ಜಾ, ಸತ್ತೋರ ಬಗ್ಗೆ ಹಂಗನ್ಬಾರ್ದು, ಕೂತ್ಕೊ" ಎಂದು ರಟ್ಟೆ ಹಿಡಿದರು.

"ಬಿಡ್ರಲೇ! ಇವ್ರೆಲ್ಲ ಹೇಳಿದ್ದು ಕೇಳಿ, ನಾನು ಬೇರೆ ಯಾರದೋ ಮನೆಗೆ ಬಂದ್ನಾ ಅಂತ ಆ ಫೋಟೋನ ಎರಡು ಸಲ ನೋಡ್ದೆ. ಈ ಮನುಷ್ಯ ನಮ್ಮ ಕೇರೀನೇ ಮುಳುಗಿಸ್ದೋನು!"

ಅದು ಎರಡೂ ತಾಲ್ಲೂಕಿಗೆ ಗೊತ್ತಿದ್ದ ಕಥೆ. ಅಲ್ಲಿನ ಮನೆಗಳಲ್ಲಿರುವುದು ಗುಂಡಿಮಗ್ಗ. ನೇಕಾರ ನೆಲದ ಮೇಲೆ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾ ನೇಯುತ್ತಾನೆ. ಇಳಿಜಾರಾದ ಆ ಓಣಿಯ ನೆತ್ತಿಯಲ್ಲಿ ಚಿಕ್ಕಪ್ಪನ ಕಾಯಿ ನಿಂತಿತ್ತು. "ಬ್ಯಾಡ, ಕೆಳಗೆಲ್ಲ ಮಗ್ಗದ ಗುಂಡಿ ಅವೆ" ಎಂದು ಕೇರಿಯವರು ಗೋಗರೆದರೂ ಕೇಳದೆ ಕೊರೆಸಿದರು. ನೀರು ಆಳೆತ್ತರ ಚಿಮ್ಮಿತು. ಕಲ್ಲಿನ ಹಿಟ್ಟು, ಕೆಸರು ಎಲ್ಲ ಕೂಡಿ ಓಣಿಯುದ್ದಕ್ಕೂ ಮನೆಗಳಿಗೆ ನುಗ್ಗಿ ಗುಂಡಿಗಳನ್ನು ತುಂಬಿತು.

"ಮಗಳ ಮದುವೆಗೆ ಅಂತ ಹಾಕಿದ್ದ ಸೀರೆ ನಂದು. ಅರ್ಧ ನೇಯ್ದಿದ್ದೆ, ಕೆಸರಾಗೆ ತೇಲ್ತಿತ್ತು" ಎಂದ ಮುದುಕ. "ಅವಾಗ ಇವನು ಮೈಕಿನಾಗೆ ಏನಂದ ಗೊತ್ತಾ? ‘ಗಂಗಮ್ಮ ನೇಕಾರರ ಬಾಗಿಲಿಗೇ ಬಂದವ್ಳೆ, ಕೈಮುಗೀರಿ’ ಅಂದ!"

ಪೆಂಡಾಲಿನಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಮಾರನೇ ದಿನ ಹೊತ್ತು ಹುಟ್ಟೋಕೆ ಒಬ್ನೇ ಬಂದ. ಜೀಪಿಲ್ಲ, ಜೈಕಾರ ಹಾಕೋರಿಲ್ಲ, ಬಸ್ಸಿನಾಗೆ ಬಂದಿದ್ದ. ಏನು ನೋಡಾಕೆ ಬಂದ್ಯೋ ಅಂತ ಬಾಯಿಗೆ ಬಂದಂಗೆ ಬೈದೆ. ಮಾತಾಡ್ಲಿಲ್ಲ. ಇವನು ಮಾತಾಡ್ದೆ ನಿಂತಿದ್ದು ನಾನು ನೋಡಿದ್ದು ಅವತ್ತೊಂದೇ ದಿನ. ‘ಏಮಯ್ಯಾ ಲೀಡರೂ, ದಿಗು! ಇಳಿ ಗುಂಡಿಯೊಳಗೆ!’ ಅಂದೆ, ಸಿಟ್ಟಿಗೆ. ಇಳಿದೇಬಿಟ್ಟ."

ಮುದುಕ ಬಗ್ಗಿ ತನ್ನ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದ.

"ಪಂಚೆ ಎತ್ತಿ ಕಟ್ಕಂಡು ಇಳಿದ. ಬಾಂಡ್ಲಿ ತಗಂಡು ಕೆಸರು ಮೊಗೆದ. ನಮ್ದಾಯ್ತು, ಪಕ್ಕದ ಮನೇದಾಯ್ತು. ಕೇರಿ ಪೂರ್ತಿ ಮುಗಿಯೋ ತನಕ ದಿನಾ ಬಂದ. ಕೆಲಸ ಏನು ನೆಟ್ಟಗೆ ಬರ್ತಿರ್ಲಿಲ್ಲ ಅವನಿಗೆ, ನನ್ನ ಮಗ್ಗದ ತುಳಿಗೋಲು ಮುರಿದ! ‘ಯಾರಿಗೂ ಹೇಳ್ಬ್ಯಾಡ, ಲೀಡರು ಕೆಸರು ಎತ್ತಿದ ಅಂದ್ರೆ ತಪ್ಪು ಒಪ್ಕಂಡಂಗೆ ಆಗ್ತತೆ, ನನ್ನ ರಾಜಕೀಯ ಮುಗೀತು’ ಅಂದ. ನಾನೂ ಹೇಳ್ಲಿಲ್ಲ. ಹೇಳಿದ್ರೆ ಈ ನನ್ಮಗನಿಗೆ ಓಟು ಬಿದ್ಬಿಡ್ತಿದ್ವಲ್ಲ, ಅದಕ್ಕೆ ಹೇಳ್ಲಿಲ್ಲ! ಈಗ ಹೇಳ್ತೀನಿ. ಇನ್ನು ಎಲೆಕ್ಷನ್ನಿಗೆ ನಿಲ್ಲಂಗಿಲ್ಲವಲ್ಲ ಅವನು..."

ಚಿಕ್ಕಮ್ಮ ಎದ್ದು ನಿಂತಿದ್ದರು. ಸೆರಗು ಮುಖದಿಂದ ಜಾರಿತ್ತು.

"ಯಜಮಾನ್ರೇ, ದಿನಾ ಬರ್ತಿದ್ರಾ?"

"ದಿನಾ ತಾಯೀ."

"ಮೈಯೆಲ್ಲ ಕೆಸರು ಮಾಡ್ಕಂಡು ಮನೆಗೆ ಬರೋರು. ಎಲ್ಲಿ ಬಿದ್ರಿ ಅಂದ್ರೆ, ಜೀಪು ಹೂತ್ಕಂತು, ತಳ್ಳಿದೆ ಅನ್ನೋರು. ಜೀಪು ನೋಡಿದ್ರೆ ಮನೆ ಮುಂದೇನೇ ನಿಂತೈತೆ! ಎಲ್ಲೋ ಕುಡಿದು ಬಿದ್ದು ಬರ್ತಾರೆ ಅನ್ಕಂಡು ನಾನು ಮಾತು ಬಿಟ್ಟೆ. ತಟ್ಟೆ ಮುಂದಿಟ್ಟು ಎದ್ದು ಹೋಗ್ತಿದ್ದೆ. ಸುಮ್ನೆ ತಲೆ ಬಗ್ಗಿಸ್ಕಂಡು ಉಂಡು ಮಲಗೋರು."

ಅವರು ಫೋಟೋದ ಕಡೆ ತಿರುಗಿದರು. ಪೆಂಡಾಲು ತುಂಬ ಜನರಿದ್ದಾರೆಂಬುದು ಅವರಿಗೆ ಮರೆತಂತಿತ್ತು.

"ಅಲ್ರೀ, ಇದೊಂದನ್ನಾದ್ರೂ ನಂಗೆ ನಿಜ ಹೇಳ್ಬಾರ್ದಿತ್ತಾ?"

ವೇದಿಕೆಯಿಂದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ. ಮುದುಕ ಮೆಲ್ಲಗೆ ಹೊರಡಲು ಚಪ್ಪಲಿ ಹುಡುಕುತ್ತಿದ್ದ. ಚಿಕ್ಕಮ್ಮ ಅವನನ್ನು ಕರೆದು, ಜಮಖಾನದ ಮೇಲೆ ತಮ್ಮೆದುರಿಗೇ ಜಾಗ ತೋರಿಸಿದರು.

"ಕೂತ್ಕಳ್ರಿ. ಇನ್ನೂ ಏನೇನು ಮಾಡಿದ್ರು ಹೇಳ್ರಿ. ಬೈಕಂತಾನೇ ಹೇಳ್ರಿ, ನಂಗೇನೂ ಬೇಜಾರಿಲ್ಲ."