ನಮ್ಮ ಮನೆಯಿಂದಲೂ ಒಬ್ಬರು ಕಾಲೇಜಿಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪು ಏನೂ ಇಲ್ಲ. ತಪ್ಪೆಲ್ಲ ಸೀರೆಯದ್ದು. ಸೀರೆಯನ್ನು ಕಂಡುಹಿಡಿದ ಪುಣ್ಯಾತ್ಮರು ಅದನ್ನು ಉಡುವ ತಾಳ್ಮೆಯನ್ನೂ ಜೊತೆಗೇ ಕಂಡುಹಿಡಿದು ಈಗಿನ ಹುಡುಗಿಯರಿಗೆ ಕೊಟ್ಟಿದ್ದರೆ, ನನ್ನ ಮಗಳು ಸಾತ್ವಿಕಾ ಈ ಹೊತ್ತಿಗೆ ಬಿ.ಕಾಂ. ಮೊದಲ ವರ್ಷದ ಕ್ಲಾಸಿನಲ್ಲಿ ಶಿಸ್ತಾಗಿ ಕೂತಿರುತ್ತಿದ್ದಳು. ನಾನೂ ಊರಲ್ಲಿ ತಲೆ ಎತ್ತಿ ನಡೆಯುತ್ತಿದ್ದೆ.

ನಮ್ಮ ಮನೆ ಇರುವುದು ಪುತ್ತಿಗೆಯಲ್ಲಿ, ಮೂಡುಬಿದಿರೆಯ ಪಕ್ಕ. ಎಲ್ಲೆಲ್ಲಿಂದಲೋ ಮಕ್ಕಳು ಪೆಟ್ಟಿಗೆ ಹೊತ್ತು ಓದಲಿಕ್ಕೆ ಬರುವ ಪೇಟೆ ಅದು. ಮೂಡುಬಿದಿರೆಯಲ್ಲಿ ನಿಂತು ಒಂದು ಕಲ್ಲು ಎಸೆದರೆ ಒಂದೋ ಬಸದಿಗೆ ಬೀಳಬೇಕು, ಇಲ್ಲ ಕಾಲೇಜಿಗೆ ಬೀಳಬೇಕು. (ಎಸೆಯಬೇಡಿ, ಎರಡೂ ಕಡೆ ಸಿಸಿ ಕ್ಯಾಮರಾ ಉಂಟು.) ಇಂಥ ವಿದ್ಯಾಕಾಶಿಯ ಮಡಿಲಲ್ಲಿ ಹುಟ್ಟಿ, ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ತೆಗೆದು, ರಿಸಲ್ಟ್ ಬಂದ ಸಂಜೆಯೇ ನನ್ನ ಮಗಳು ಹೇಳಿದ ಮಾತು ಕೇಳಿ.

"ಪಪ್ಪ, ನಾನು ಇನ್ನು ಕಾಲೇಜಿಗೆ ಹೋಗುವುದಿಲ್ಲ."

ನಾನು ಆಗಷ್ಟೇ ಬಿ.ಸಿ.ರೋಡಿನಿಂದ ಲಾಡಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದೆ. ಬಸ್ಸಿನಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಹಂಚಿ, ಡ್ರೈವರನಿಗೆ ಎರಡು ಕೊಟ್ಟು, "ಮಗಳು ಇನ್ನು ಬಿ.ಕಾಂ., ಎಂ.ಕಾಂ., ಆಮೇಲೆ ಬ್ಯಾಂಕು" ಎಂದು ಸಾರಿಕೊಂಡು ಬಂದವನು. ಬಾಯಿಗೆ ಹಾಕಬೇಕೆಂದಿದ್ದ ಲಾಡನ್ನು ಪೊಟ್ಟಣಕ್ಕೇ ವಾಪಸು ಹಾಕಿದೆ.

"ಮತ್ತೆ ಏನು ಮಾಡ್ತಿ?"

"ಸೀರೆ ಮಡಚ್ತೇನೆ."

ಇದು ತಮಾಷೆ ಅಲ್ಲ, ಹೊಸ ಉದ್ಯೋಗವಂತೆ. ಮದುವೆಗೆ ಎರಡು ದಿನ ಮೊದಲೇ ಮದುಮಗಳ ಸೀರೆಯನ್ನು ತಂದು ಇವಳಿಗೆ ಕೊಡುತ್ತಾರೆ. ಇವಳು ಅದಕ್ಕೆ ಇಸ್ತ್ರಿ ಹಾಕಿ, ನೆರಿಗೆ ಹಿಡಿದು, ಕ್ಲಿಪ್ಪು ಸಿಕ್ಕಿಸಿ, ಡಬ್ಬದಲ್ಲಿಟ್ಟು ಕೊಡುತ್ತಾಳೆ. ಮದುವೆಯ ದಿನ ಮದುಮಗಳು ಅದನ್ನು ಬಿಚ್ಚಿ ಅಂಗಿ ತೊಟ್ಟಷ್ಟೇ ಸಲೀಸಾಗಿ ಉಟ್ಟುಬಿಡಬಹುದು. ಪಿಯುಸಿಯ ಪಾಠದ ಮಧ್ಯೆ, ಪಕ್ಕದ ಮನೆಯ ಪ್ರೇಮಾವತಿಯ ಮಗಳ ಸೀರೆಯಿಂದ ಇದು ಶುರುವಾಗಿದೆ. ನಮ್ಮದೇ ಮನೆಯ ಒಳಕೋಣೆಯಲ್ಲಿ ಬೆಳ್ತಂಗಡಿಯವರೆಗಿನ ಮದುವಣಗಿತ್ತಿಯರ ಸೀರೆಗಳು ಬಂದು ಮಲಗಿ ಎದ್ದು ಹೋಗುತ್ತಿದ್ದವು. ನಾನು ಅವನ್ನೆಲ್ಲ ನನ್ನ ಹೆಂಡತಿ ಕುಸುಮಳ ಸೀರೆಗಳು ಎಂದು ತಿಳಿದು, ಇಷ್ಟೊಂದು ಯಾಕೆ ಕೊಳ್ಳುತ್ತಾಳೆ ಎಂದು ಒಳಗೊಳಗೇ ಕೊರಗುತ್ತಿದ್ದೆ.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಮನೆಯವರಿಗೆ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ನಾನು ಕನ್ನಡ ಮಾತಾಡಲು ಶುರು ಮಾಡುತ್ತೇನೆ. ಮನೆಯಲ್ಲಿ ನಮ್ಮದು ತುಳು. ಆದರೆ ತುಳುವಿನಲ್ಲಿ ಬೈದರೆ ಪ್ರೀತಿ ಮಾಡಿದ ಹಾಗೆ ಕೇಳಿಸುತ್ತದೆ. ಗಾಂಭೀರ್ಯ ಬೇಕಾದರೆ ಕನ್ನಡವೇ ಆಗಬೇಕು.

"ನಾನು ಬಿ.ಕಾಂ. ಮಾಡಿದವನು! ಬಿ.ಸಿ.ರೋಡಿನ ಸಹಕಾರಿ ಸಂಘದಲ್ಲಿ ಹಿರಿಯ ಗುಮಾಸ್ತ! ಇಪ್ಪತ್ತಾರು ವರ್ಷ ಒಂದೇ ಕುರ್ಚಿ! ಒಂದು ದಿನ ತಡ ಮಾಡಿದವನಲ್ಲ! ಇದಕ್ಕೆ ವೃತ್ತಿಜೀವನ ಅಂತ ಹೇಳುವುದು!"

"ಅದನ್ನೇ ನಾನೂ ಹೇಳುವುದು ಪಪ್ಪ," ಎಂದಳು ಸಾತ್ವಿಕಾ, ಸ್ವಲ್ಪವೂ ಕನ್ನಡಕ್ಕೆ ಹೆದರದೆ. "ಭಾನುವಾರ ಸಂಜೆ ಆದರೆ ನಿಮಗೆ ಹೊಟ್ಟೆನೋವು ಶುರು ಆಗ್ತದೆ."

"ಅದು ಗ್ಯಾಸ್ಟ್ರಿಕ್!"

"ಸೋಮವಾರ ರಜೆ ಇದ್ದರೆ ಗ್ಯಾಸ್ಟ್ರಿಕ್ ಬರುವುದಿಲ್ಲ ಅಲ್ವಾ?"

ನಾನು ನ್ಯಾಯಕ್ಕಾಗಿ ಕುಸುಮಳ ಕಡೆ ನೋಡಿದೆ. ಅವಳು ಬಸಳೆ ಸೋಸುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ, ಆದರೆ ಅವಳ ಹೆಗಲು ಅಲುಗುತ್ತಿತ್ತು. ನನ್ನ ದುಃಖ ನೋಡಲಾಗದೆ ಅಳುತ್ತಿದ್ದಾಳೆ ಎಂದುಕೊಂಡೆ.

ಮಗಳನ್ನು ಸರಿದಾರಿಗೆ ತರಲು ಮರುದಿನದಿಂದಲೇ ನಾನು ಸಂಜೆಯ ಉಪನ್ಯಾಸಮಾಲೆಯನ್ನು ಆರಂಭಿಸಿದೆ. ಆಫೀಸಿನಿಂದ ಬಂದು, ಮಿಂದು, ಕಾಫಿ ಕುಡಿದು, ಚಾವಡಿಯಲ್ಲಿ ಕೂತು ಶುರು ಮಾಡಿದರೆ ಊಟಕ್ಕೆ ಕರೆಯುವವರೆಗೆ ನಿಲ್ಲಿಸುವ ಮಾತಿಲ್ಲ. ಮಗಳು ಎದುರಿನ ಮೇಜಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಕೇಳುತ್ತಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕನಿಷ್ಠ ಸುಮ್ಮನಿರುತ್ತದೆ. ಇವಳು ಎದುರುತ್ತರ ಕೊಡುತ್ತಿದ್ದಳು.

"ಕಾಲೇಜಿಗೆ ಹೋದರೆ ಕೆಲಸ ಸಿಕ್ತದೆ ಅಂತ ಗ್ಯಾರಂಟಿ ಉಂಟಾ?"

"ಕೆಲಸಕ್ಕಾಗಿ ಓದುವುದು ಕೂಲಿಗಾಗಿ ಓದಿದ ಹಾಗೆ! ಓದುವುದು ತಿಳಿಯಲಿಕ್ಕೆ! ಜ್ಞಾನಕ್ಕೆ!"

"ನನ್ನ ಓದುವ ವಯಸ್ಸು ಮುಗಿಯಿತು ಪಪ್ಪ. ಈಗ ದುಡಿಯುವ ವಯಸ್ಸು."

"ಓದಲಿಕ್ಕೆ ವಯಸ್ಸು ಅಂತ ಉಂಟಾ? ಎಂಬತ್ತು ವರ್ಷದವರು ಕೂಡ ಓದಬಹುದು!"

"ನಾಳೆ ಮದುವೆ ಆದರೆ ಎಲ್ಲ ನೀರಲ್ಲಿ ಹೋಮ."

"ಯಾಕೆ? ಮದುವೆ ಆದರೆ ಬುದ್ಧಿ ತುಕ್ಕು ಹಿಡಿಯುತ್ತದಾ? ಗಂಡ ಅಂತ ಹೇಳಿಸಿಕೊಳ್ಳುವವನಿಗೆ ಮರ್ಯಾದೆ ಇದ್ದರೆ ಹೆಂಡತಿಯನ್ನು ಅವನೇ ಕೈ ಹಿಡಿದು ಕಾಲೇಜಿಗೆ ಸೇರಿಸಬೇಕು!"

ಕೊನೆಯ ಮಾತು ಹೇಳುವಾಗ ನಾನು ಮೇಜು ಕುಟ್ಟಿದ್ದೆ. ಯಾವಳೋ ಮದುಮಗಳ ಸೀರೆಯ ನೆರಿಗೆ ತಪ್ಪಿತು. ಒಳಗೆ ಕುಸುಮಳ ಕೈಯ ಸೌಟು ಕೂಡ ಒಂದು ಕ್ಷಣ ನಿಂತಿತು. ಮಾತು ನಾಟಿತು ಎಂದು ನನಗೆ ಖುಷಿಯಾಯಿತು. ನಾಟಿದ್ದೇನೋ ನಿಜ, ಎಲ್ಲಿಗೆ ಎಂಬುದು ಮಾತ್ರ ಆಗ ತಿಳಿಯಲಿಲ್ಲ.

ಅಡ್ಮಿಷನ್ನಿನ ಕೊನೆಯ ವಾರ ಬಂತು. ಶನಿವಾರ ರಜೆ ಹಾಕಿ, "ನಾಳೆ ಬೆಳಿಗ್ಗೆ ಕಾಲೇಜಿಗೆ ಹೋಗುವುದು. ಇನ್ನು ವಾದ ಬೇಡ!" ಎಂದು ಶುಕ್ರವಾರವೇ ಕನ್ನಡದಲ್ಲಿ ಘೋಷಿಸಿದೆ. ಆಶ್ಚರ್ಯವೆಂದರೆ ಸಾತ್ವಿಕಾ, "ಆಯ್ತು ಪಪ್ಪ, ಹೋಗುವ," ಎಂದುಬಿಟ್ಟಳು. ಕುಸುಮಳೂ ಬೆಳಿಗ್ಗೆ ಎದ್ದು ನೀಲಿ ಸೀರೆ ಉಟ್ಟು, ಕೈಯಲ್ಲೊಂದು ಚೀಲ ಹಿಡಿದು ತಯಾರಾಗಿ ನಿಂತಿದ್ದಳು. ತಾಯಿಯಲ್ಲವೇ, ಮಗಳ ಬದುಕಿನ ಶುಭಗಳಿಗೆಗೆ ಬರದೆ ಇರುತ್ತಾಳೆಯೇ ಎಂದು ನನಗೆ ಕಣ್ಣು ತುಂಬಿ ಬಂತು. ಮೂವರೂ ಆಟೋದಲ್ಲಿ ಹೋದೆವು.

ಕಾಲೇಜಿನ ಕೌಂಟರಿನಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಕೂತಿದ್ದರು. (ನಮ್ಮ ಜಾತಿಯೇ. ಗುಮಾಸ್ತರ ಜಾತಿ.)

"ಯಾವ ಕೋರ್ಸು?"

"ಬಿ.ಕಾಂ.," ಎಂದೆ ನಾನು.

"ಬಿ.ಎ., ಇತಿಹಾಸ," ಎಂದಳು ಕುಸುಮ.

"ಅಮ್ಮನಿಗೆ ಇತಿಹಾಸ ಇಷ್ಟ," ಎಂದಳು ಸಾತ್ವಿಕಾ.

ಗುಮಾಸ್ತರು ಮೂವರನ್ನೂ ನೋಡಿದರು. "ವಿದ್ಯಾರ್ಥಿನಿ ಯಾರು?"

"ನಾನೇ," ಎಂದು ಕುಸುಮ ಚೀಲದಿಂದ ತನ್ನ ಪಿಯುಸಿ ಅಂಕಪಟ್ಟಿ ತೆಗೆದು ಇಟ್ಟಳು. ಮದುವೆಗೆ ಮುಂಚಿನದ್ದು. ನಮ್ಮ ಮನೆಯ ಕಪಾಟಿನಲ್ಲಿ ಅಷ್ಟು ವರ್ಷ ಅದು ಎಲ್ಲಿತ್ತೋ, ಜಿರಳೆಗೂ ನನಗೂ ಕಂಡಿರಲಿಲ್ಲ.

ನನ್ನ ಬಾಯಿಯಿಂದ ತುಳುವೂ ಕನ್ನಡವೂ ಒಟ್ಟಿಗೆ ಬಂದವು. "ದಾನೆ, ಏನಿದು? ಈ ವಯಸ್ಸಿನಲ್ಲಿ?"

"ಓದಲಿಕ್ಕೆ ವಯಸ್ಸು ಅಂತ ಉಂಟಾ ಅಂತ ನೀವೇ ಕೇಳಿದ್ದಲ್ವಾ," ಎಂದಳು ಕುಸುಮ ತಣ್ಣಗೆ.

"ಯಾರು ಕೆಲಸ ಕೊಡ್ತಾರೆ ನಿನಗೆ?"

"ಕೆಲಸಕ್ಕಾಗಿ ಓದುವುದು ಕೂಲಿಗಾಗಿ ಓದಿದ ಹಾಗೆ ಅಂದಿರಿ."

"ಮನೆ? ಸಂಸಾರ?"

ಅವಳು ನನ್ನ ಕೈಯನ್ನು ನೋಡಿದಳು. ಹೆಂಡತಿಯನ್ನು ಕೈ ಹಿಡಿದು ಕಾಲೇಜಿಗೆ ಸೇರಿಸಬೇಕು ಎಂದು ಮೇಜು ಕುಟ್ಟಿದ ಕೈ ಅದು. ಅದನ್ನು ನಾನು ಜೇಬಿನಲ್ಲಿ ಅಡಗಿಸಿದೆ.

ನನ್ನ ದೊಡ್ಡ ಸ್ವರಕ್ಕೆ ಒಳಗಿನಿಂದ ಪ್ರಿನ್ಸಿಪಾಲರೇ ಎದ್ದು ಬಂದರು. ವಿಷಯ ಕೇಳಿ ಅವರ ಮುಖ ಅರಳಿತು. ನನ್ನ ಕೈಯನ್ನು ಜೇಬಿನಿಂದ ಹೊರಗೆಳೆದು ಕುಲುಕಿದರು. "ಹೆಂಡತಿಯನ್ನು ಓದಿಸಬೇಕು ಅಂತ ನಿಮಗೆ ಅನ್ನಿಸಿದೆಯಲ್ಲ! ನಿಮ್ಮಂಥವರು ಊರಿಗೊಬ್ಬರು ಇದ್ದರೆ ಸಾಕು ಮಾರಾಯ್ರೆ!" ಎಂದರು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ನಾನು ಏನು ಮಾಡಲಿ? ನಕ್ಕೆ. ಸಾತ್ವಿಕಾ ಫೋಟೋ ತೆಗೆದಳು. ಅರ್ಜಿಯಲ್ಲಿ ಪೋಷಕರ ಹೆಸರು ಎಂದಿದ್ದ ಕಡೆ ಆ ಗುಮಾಸ್ತರು ನನ್ನ ಹೆಸರು ಬರೆದುಕೊಂಡು, ನಾನು ಸಹಿ ಹಾಕುವಾಗ ಪಾಪದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಮರಳಿ ಬರುವಾಗ ಆಟೋದಲ್ಲಿ ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಕುಸುಮ ಮೆಲ್ಲ ತುಳುವಿನಲ್ಲಿ ಹೇಳಿದಳು. "ನನಗೆ ಕೆಲಸ ಬೇಡ. ಕೆಲಸ ಮನೆಯಲ್ಲೇ ಬೇಕಾದಷ್ಟು ಉಂಟು. ಈ ಸಾವಿರ ಕಂಬದ ಬಸದಿಯ ದಾರಿಯಲ್ಲಿ ಎಷ್ಟು ವರ್ಷದಿಂದ ತರಕಾರಿ ತರ್ತಾ ಇದ್ದೇನೆ. ಅದನ್ನು ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು, ಯಾವುದೂ ಗೊತ್ತಿಲ್ಲ. ಹುಡುಗಿ ಆಗಿರುವಾಗಲೇ ಓದಬೇಕು ಅಂತ ಇತ್ತು. ಅಷ್ಟರಲ್ಲಿ ಮದುವೆ ಆಯಿತು."

ನನಗೆ ಆಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬರಲಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕಾಲೇಜು ಶುರುವಾದ ಮೇಲಿನ ನನ್ನ ಅವಸ್ಥೆಯನ್ನು ಏನೆಂದು ವರ್ಣಿಸಲಿ? ಬೆಳಿಗ್ಗೆ ವಿದ್ಯಾರ್ಥಿನಿಗೆ ಕ್ಲಾಸು, ಉದ್ಯಮಿಗೆ ಸೀರೆ, ಅಡುಗೆಮನೆಗೆ ನಾನು. ಗಂಜಿ ಬೇಯಿಸಲು ಕಲಿತೆ. ಚಟ್ನಿ ಅರೆಯಲು ಕಲಿತೆ. ಒಂದು ದಿನ ಬೂತಾಯಿ ಮೀನು ಕ್ಲೀನು ಮಾಡಲು ಹೋಗಿ, ಮೀನಿಗಿಂತ ಹೆಚ್ಚು ನನ್ನ ಬೆರಳನ್ನೇ ಕ್ಲೀನು ಮಾಡಿಕೊಂಡೆ. ಕುಸುಮ ಬುತ್ತಿ ಹಿಡಿದು, "ಉಪ್ಪಿನಕಾಯಿ ಹಾಕಿದ್ದೀರಾ?" ಎಂದು ಕೇಳಿ ಹೊರಡುತ್ತಿದ್ದಳು. ಬಸ್ಸಿನಲ್ಲಿ ಅವಳದು ವಿದ್ಯಾರ್ಥಿ ರಿಯಾಯಿತಿ. ಮೊದಲ ದಿನ ಕಂಡಕ್ಟರ್ ಸಿನಾನ್, "ಅಕ್ಕ, ಇದು ನಿಮ್ಮ ಮಗಳ ಪಾಸು," ಎಂದನಂತೆ. "ಮಗಳು ಕಾಲೇಜಿಗೆ ಹೋಗುವುದಿಲ್ಲ, ಹೋಗುವುದು ನಾನು," ಎಂದು ಇವಳು ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿದಳಂತೆ. ಅದೇ ಬಸ್ಸು, ನಾನು ಲಾಡು ಹಂಚಿದ ಬಸ್ಸು! ಆಮೇಲೆ ನಾನು ಹತ್ತಿದರೆ ಡ್ರೈವರ್ ಕೂಡ ತಿರುಗಿ ನೋಡಿ, "ಓದು ಹೇಗೆ ನಡೀತಾ ಉಂಟು?" ಎಂದು ಕೇಳುತ್ತಾನೆ.

ಇನ್ನು ಸಾತ್ವಿಕಾಳ ವಿಷಯ. ಕಾಲೇಜಿನಲ್ಲಿ ಸೀರೆ ಉಡುವ ದಿನ ಎಂದು ಒಂದು ಹಬ್ಬ ಮಾಡುತ್ತಾರಂತೆ. ಕುಸುಮ ತನ್ನ ಕ್ಲಾಸಿನ ಹುಡುಗಿಯರಿಗೆಲ್ಲ ಮಗಳ ನಂಬರು ಹಂಚಿ ಬಂದಳು. ಆ ವಾರ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಊಟ ಮಾಡಿದ್ದು ಮೆಟ್ಟಿಲ ಮೇಲೆ ಕೂತು.

ಆದರೂ ನಾನು ಸೋಲೊಪ್ಪುವ ಜನ ಅಲ್ಲ. ಮುಂದಿನ ವರ್ಷ ಎನ್ನುವುದು ಒಂದುಂಟಲ್ಲ? ಆಗಲಾದರೂ ಮಗಳು ಸೇರಬೇಕು. ಹಾಗಾಗಿ ಸಂಜೆಯ ಉಪನ್ಯಾಸಮಾಲೆಯನ್ನು ನಾನು ಬಿಡಲಿಲ್ಲ. ಕುಕ್ಕರ್ ಒಲೆಯ ಮೇಲಿಟ್ಟು ಚಾವಡಿಗೆ ಬಂದು ಶುರು ಮಾಡುತ್ತಿದ್ದೆ. ಸ್ವರವನ್ನು ಇನ್ನಷ್ಟು ಏರಿಸಿದೆ, ಏಕೆಂದರೆ ಇಸ್ತ್ರಿ ಪೆಟ್ಟಿಗೆಯ ಜೊತೆಗೆ ಈಗ ಫ್ಯಾನಿನ ಸದ್ದು ಬೇರೆ ಇತ್ತು. ಸಾತ್ವಿಕಾ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು. ನಾನು ಮಾತು ಶುರು ಮಾಡಿದ ಕೂಡಲೇ ಕುಸುಮ ಪುಸ್ತಕ ಹಿಡಿದು ಜಗಲಿಗೆ ಹೋಗುತ್ತಿದ್ದಳು. ಗಾಳಿಗೆ ಹೋಗುತ್ತಾಳೆ ಎಂದುಕೊಂಡೆ. ಒಂದು ದಿನ ಜೋರು ಮಳೆಯಲ್ಲಿ ಕೊಡೆ ಬಿಡಿಸಿಕೊಂಡು ಪ್ರೇಮಾವತಿಯ ಮನೆಗೇ ಹೋದಳು. ಪಾಠದ ಅನುಮಾನ ಕೇಳಲಿಕ್ಕೆ ಇರಬೇಕು ಎಂದುಕೊಂಡೆ. ಪ್ರೇಮಾವತಿ ಓದಿದ್ದು ಏಳನೇ ಕ್ಲಾಸು ಎಂಬುದು ನೆನಪಾದದ್ದು ಆಮೇಲೆ.

ಮೊನ್ನೆ ಕಾಲೇಜಿನಿಂದ ಕರೆ ಬಂತು. ಪೋಷಕರ ಸಭೆಯಂತೆ, ಬರಲೇಬೇಕಂತೆ. ಮಗಳ ಪೋಷಕರ ಸಭೆಗೆ ಎಂದು ನಾನು ಹೊಲಿಸಿಟ್ಟ ಬಿಳಿ ಅಂಗಿ ಒಂದಿತ್ತು. ಅದನ್ನೇ ತೊಟ್ಟು ಹೋದೆ. ಸಭೆಯಲ್ಲಿ ನನ್ನ ಎಡಕ್ಕೆ ಒಬ್ಬ ತಂದೆ, ಬಲಕ್ಕೆ ಒಬ್ಬ ತಾಯಿ. "ನಿಮ್ಮದು ಮಗನಾ, ಮಗಳಾ?" ಎಂದು ಬಲಗಡೆಯ ತಾಯಿ ಕೇಳಿದರು. "ನಮ್ಮದು ಸ್ವಲ್ಪ ದೊಡ್ಡದು," ಎಂದೆ.

"ಕುಸುಮ ಅವರ ಪೋಷಕರು?" ಎಂದು ಕರೆದರು. ಎದ್ದು ಹೋದೆ. ಕ್ಲಾಸಿನ ಜವಾಬ್ದಾರಿ ಹೊತ್ತವರು ಫರ್ಹಾನ ಮೇಡಂ, ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಪಕ್ಕದಲ್ಲಿ ಕುಸುಮ ಕೈ ಕಟ್ಟಿಕೊಂಡು ನೆಲ ನೋಡುತ್ತಾ ನಿಂತಿದ್ದಳು. ಮನೆಯಲ್ಲಿ ಒಂದು ದಿನವಾದರೂ ಅವಳು ನನ್ನೆದುರು ಹೀಗೆ ನಿಂತದ್ದಿಲ್ಲ.

"ಇತಿಹಾಸದಲ್ಲಿ ಕ್ಲಾಸಿಗೇ ಮೊದಲು ಸರ್," ಎಂದರು ಮೇಡಂ. ನನ್ನ ಎದೆ ಉಬ್ಬಿತು. ಯಾಕೆ ಉಬ್ಬಬೇಕು ಎಂದು ಅದಕ್ಕೂ ಗೊತ್ತಿರಲಿಲ್ಲ. "ಆದರೆ ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದಿದ್ದಾರೆ. ಯಾಕೆ ಅಂತ ಕೇಳಿದರೆ, ಮನೆಯಲ್ಲಿ ಓದಲಿಕ್ಕೆ ಆಗುವುದಿಲ್ಲ ಅಂದರು."

"ಮನೆ ಕೆಲಸ ಎಲ್ಲ ನಾನೇ ಮಾಡ್ತೇನೆ ಮೇಡಂ! ಬೂತಾಯಿ ಕೂಡ!"

"ಅಯ್ಯೋ, ಅದು ಅವರು ಹೇಳಿದ್ದಾರೆ ಸರ್, ನೀವು ತುಂಬ ಸಹಾಯ ಮಾಡ್ತೀರಂತೆ. ತೊಂದರೆ ಅದಲ್ಲ." ಮೇಡಂ ಸ್ವರ ತಗ್ಗಿಸಿದರು. "ದಿನಾ ಸಂಜೆ ಸರಿಯಾಗಿ ಇವರು ಓದಲಿಕ್ಕೆ ಕೂರುವ ಹೊತ್ತಿಗೆ, ಮನೆಯಲ್ಲಿ ಯಾರೋ ಒಬ್ಬರು ವಿದ್ಯೆಯ ಮಹತ್ವದ ಬಗ್ಗೆ ದೊಡ್ಡ ಸ್ವರದಲ್ಲಿ ಭಾಷಣ ಶುರು ಮಾಡ್ತಾರಂತೆ. ಯಾರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ, ಮನೆ ಮರ್ಯಾದೆ ಅಂದರು. ವಯಸ್ಸಾದವರು ಯಾರಾದರೂ ಇರಬೇಕು ಅಲ್ವಾ? ನೀವು ಅವರಿಗೆ ಸ್ವಲ್ಪ ಬುದ್ಧಿ ಹೇಳಬೇಕು ಸರ್."

ಕುಸುಮ ನೆಲದಿಂದ ಕಣ್ಣೆತ್ತಲಿಲ್ಲ. ಅವಳ ಹೆಗಲು ಮಾತ್ರ ಸಣ್ಣಗೆ ಅಲುಗುತ್ತಿತ್ತು. ಅದು ಅಳು ಅಲ್ಲವೆಂದು ಈಗ ನನಗೂ ಗೊತ್ತಾಗುತ್ತದೆ.

"ಹೇಳ್ತೇನೆ ಮೇಡಂ," ಎಂದೆ. "ಆದರೆ ಆ ಮನುಷ್ಯ ಯಾರ ಮಾತೂ ಕೇಳುವ ಜನ ಅಲ್ಲ."