ಎರಡು ತುತ್ತಿನ ಹಸಿವು

ನನ್ನ ಸೋದರಮಾವನಿಗೂ ಎಲೆಕ್ಟ್ರಾನಿಗೂ ಮುಖಪರಿಚಯವಿರಲಿಲ್ಲ. ಆದರೂ ಮೂವತ್ತು ವರ್ಷ ಅದಕ್ಕೆ ಊಟ ಹಾಕಿದವರ ಹಾಗೆ ಮಾತಾಡಬಲ್ಲವರು ಇಡೀ ಚೆನ್ನೈಯಲ್ಲಿ ಅವರೊಬ್ಬರೇ!

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿಯ ಕಡೆಯಿಂದ ಬಂದವರು, ವಡಪಳನಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರ ಹುಚ್ಚು ಒಂದೇ, ಲೋಹ ಮಂಕಾಗಬಾರದು. ತಾಮ್ರದ ಹಂಡೆ, ಹಿತ್ತಾಳೆ ಲೋಟ, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿ, ಎಲ್ಲಕ್ಕೂ ಪ್ರತಿ ಶುಕ್ರವಾರ ಹುಣಸೆಹಣ್ಣು, ಉಪ್ಪಿನ ಸ್ನಾನ. ಗಿರಾಕಿಗಳ ಸಾಮಾನಿಗೂ ವಿನಾಯಿತಿ ಇರಲಿಲ್ಲ. ಒಮ್ಮೆ ಪಕ್ಕದ ಸ್ಟುಡಿಯೋದಿಂದ ರಾಜನ ವೇಷದಲ್ಲೇ ಕಾಫಿಗೆ ಬಂದ ನಟನೊಬ್ಬ ಕಿರೀಟ ಬಿಚ್ಚಿಟ್ಟು ಕೈತೊಳೆಯಲು ಹೋದ. ಬರುವಷ್ಟರಲ್ಲಿ ಮಾವ ಅದನ್ನು ಹುಣಸೆನೀರಿಗೆ ಅದ್ದಿಯಾಗಿತ್ತು. ರಟ್ಟಿನ ಕಿರೀಟ! ಕಾಫಿ ಬರುವ ಮೊದಲೇ ರಾಜ್ಯ ಹೋಯಿತು. ಇದನ್ನು ನಾನು ಕಣ್ಣಾರೆ ಕಂಡೆನೇ, ಕೇಳಿ ಕೇಳಿ ಕಂಡಂತಾಯಿತೇ? ಅಮ್ಮನ ಪ್ರಕಾರ ಅದು ಕಿರೀಟವಲ್ಲ, ಗುರಾಣಿ. ಮಾವನ ಪ್ರಕಾರ ಅಂಥದ್ದೇನೂ ಆಗಿಯೇ ಇಲ್ಲ.

ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ರಸಾಯನಶಾಸ್ತ್ರದಲ್ಲಿ ಫೇಲಾದೆ. ಹೀಗೇ ಆದರೆ ಮುಂದಿನ ವರ್ಷ ವಿಜ್ಞಾನ ಸಿಗುವುದಿಲ್ಲವೆಂದು ಟೀಚರ್ ಹೇಳಿ ಕಳಿಸಿದರು. ನನಗೋ ವಿಜ್ಞಾನ ಬಿಟ್ಟು ಬೇರೇನೂ ಬೇಕಿರಲಿಲ್ಲ. ತೊಡಕಿದ್ದುದು ಒಂದೇ ಕಡೆ. ಎಲೆಕ್ಟ್ರಾನ್ ಕಳೆದುಕೊಂಡರೆ ಆಕ್ಸಿಡೇಶನ್, ಪಡೆದರೆ ರಿಡಕ್ಷನ್, ಅಂದರೆ ಇಳಿಕೆ. ಪಡೆದವನು ಕಡಿಮೆಯಾಗುವುದು ಯಾವ ನ್ಯಾಯ?

ಆಗಲೇ ಒಂದು ಶುಕ್ರವಾರ, ಹಂಡೆ ತೊಳೆದ ಹುಳಿನೀರಿನ ಬಕೆಟ್ಟಿಗೆ ದೋಸೆ ಮಗುಚುವ ಕಬ್ಬಿಣದ ಸಟ್ಟುಗ ಬಿತ್ತು. ಸಂಜೆ ತೆಗೆದಾಗ ಅದರ ಬಾಯಿ ಕೆಂಪಾಗಿತ್ತು. ಅಡುಗೆಯವರು ತುಕ್ಕೆಂದರು. ಮಾವ ಬೆರಳಲ್ಲಿ ಉಜ್ಜಿ ನೋಡಿ, ತಾಮ್ರ ಎಂದರು. ಅರೆ, ಪಾಠದಲ್ಲಿ ಕಬ್ಬಿಣದ ಮೊಳೆಗೆ ಆಗಿದ್ದೂ ಇದೇ! ಪುಸ್ತಕ ತಂದು ಓದಿ ಹೇಳಿದೆ. ನೀರಲ್ಲಿ ಕರಗಿದ ತಾಮ್ರಕ್ಕೆ ಎರಡು ಪ್ಲಸ್. ಕಬ್ಬಿಣ ಅದಕ್ಕೆ ಎರಡು ಎಲೆಕ್ಟ್ರಾನ್ ಕೊಡುತ್ತದೆ. ಅಲ್ಲಿಗೆ ಬಂದದ್ದೇ "ಪುರಿಯಲೈ ಮಾಮಾ" ಎಂದು ತಮಿಳಿನಲ್ಲೇ ಅತ್ತುಬಿಟ್ಟೆ, ಅರ್ಥವೇ ಆಗುತ್ತಿಲ್ಲವೆಂದು.

"ಪ್ಲಸ್ ಅಂದ್ರೆ ಎಂತ ಮಾರಾಯ್ತಿ? ಇದ್ದದ್ದಾ, ಇಲ್ಲದ್ದಾ?"

"ಇಲ್ಲದ್ದು. ಎರಡು ಎಲೆಕ್ಟ್ರಾನ್ ಇಲ್ಲ ಅಂತ."

"ಹಾಗಾದ್ರೆ ಅದು ಎರಡು ತುತ್ತಿನ ಹಸಿವು. ಕಬ್ಬಿಣ ಬಡಿಸಿತು, ತಾಮ್ರ ಉಂಡಿತು. ಉಂಡವನ ಹಸಿವು ಇಳೀತದಾ ಇಲ್ವಾ?"

ಇಳಿಯುವುದು ಹಸಿವು! ನಾನು ಮೂಗೊರೆಸಿಕೊಂಡು, ಬಡಿಸಿದವನ ಗತಿಯೇನು ಎಂದು ಕೇಳಿದೆ.

"ಅವನ ಹಸಿವು ಏರ್ತದೆ. ಅದೇ ನಿನ್ನ ಆಕ್ಸಿಡೇಶನ್. ಎರಡೂ ಒಟ್ಟಿಗೇ ಆಗ್ಬೇಕು. ಉಣ್ಣುವವ ಕೂರದೆ ಬಡಿಸುದು ಯಾರಿಗೆ, ನೆಲಕ್ಕಾ?"

ಅಂದಿನಿಂದ ಮಾವನಿಗೆ ನನ್ನ ಪುಸ್ತಕದ ಹುಚ್ಚು ಹತ್ತಿತು. ಊಟಕ್ಕೆ ಕೂತರೆ ಎಂಟು ಸಲ ಸಾಂಬಾರ್ ಕೇಳುವ ಅಂಬತ್ತೂರಿನ ಫ್ಯಾಕ್ಟರಿ ಮೇಸ್ತ್ರಿಗೆ, ಎಲ್ಲರಿಂದಲೂ ಎಲೆಕ್ಟ್ರಾನ್ ಕಸಿಯುವ ಪರ್ಮಾಂಗನೇಟಿನ ಹೆಸರಿಟ್ಟರು. ಮೇಸ್ತ್ರಿ ಅದನ್ನು ಬಿರುದೆಂದು ತಿಳಿದರು!

ವಾರ್ಷಿಕ ಪರೀಕ್ಷೆಯಲ್ಲಿ ಕೇಳಿದ್ದರು: ಆಕ್ಸಿಡೇಶನ್ ಒಂದೇ ನಡೆಯಬಲ್ಲುದೇ? ಸಾಂಬಾರಿನ ಮಾತೆತ್ತದೆ ಅರ್ಧ ಪುಟ ಬರೆದೆ. ಪಾಸಾದೆ, ವಿಜ್ಞಾನವೂ ಸಿಕ್ಕಿತು. ಮುಂದೆ ವಿಶ್ವವಿದ್ಯಾಲಯದಲ್ಲೂ ಅದನ್ನೇ ಓದಿದೆ. ಹಸಿವಿಗಿಂತ ಒಳ್ಳೆಯ ವಿವರಣೆ ಅಲ್ಲಿಯೂ ಸಿಗಲಿಲ್ಲ.

ಫಲಿತಾಂಶದ ದಿನ ಮಧ್ಯಾಹ್ನ ಮೂರಕ್ಕೆ ಹೋಟೆಲಿಗೆ ಓಡಿದೆ. ಊಟದ ಹೊತ್ತು ಮುಗಿದಿತ್ತು. ಮಾವ ಅಡುಗೆಮನೆಯ ಮೂಲೆಯಲ್ಲಿ ನಿಂತು, ಪಾತ್ರೆಯಲ್ಲಿ ಉಳಿದ ಅನ್ನವನ್ನು ಕೈಗೆ ಹಾಕಿಕೊಂಡು ತಿನ್ನುತ್ತಿದ್ದರು. ಬೆಳಗಿನ ಐದರಿಂದ ಊರಿಗೆಲ್ಲ ಬಡಿಸಿದವರು! ಅದನ್ನು ನಾನು ಮೊದಲೂ ಎಷ್ಟೋ ಸಲ ಕಂಡಿರಬೇಕು. ಕಂಡದ್ದು ನೆನಪಿಲ್ಲದಿರುವುದೇ ನನಗೆ ಈಗ ನಾಚಿಕೆ.

ಪಾಸಾದೆನೆಂದು ಹೇಳಿ, ಎಲೆ ಹಾಕಿ, ಕೂರಿ ಎಂದೆ. ಕೂತು ಉಣ್ಣುವುದು ಗಿರಾಕಿಗಳ ಕೆಲಸ ಎಂದರು.

"ನೀವು ಕೂರದೆ ನಾನು ಬಡಿಸುದು ಯಾರಿಗೆ ಮಾವ, ನೆಲಕ್ಕಾ?"

ಅವರು ಒಮ್ಮೆ ನನ್ನನ್ನು, ಒಮ್ಮೆ ಎಲೆಯನ್ನು ನೋಡಿದರು. ಆಮೇಲೆ ಕೂತರು.

ಕೆಂಪಾದ ಆ ಸಟ್ಟುಗದಿಂದಲೇ ಬಡಿಸಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಸಟ್ಟುಗದಲ್ಲಿ ಯಾರು ಸಾರು ಬಡಿಸುತ್ತಾರೆ! ಯಾವುದೋ ಸೌಟಿರಬೇಕು. ಮಾವ ಎರಡನೇ ಸಲ ಸಾರು ಕೇಳಿದ್ದು ಮಾತ್ರ ನಿಜ. ಅದನ್ನು ಅಮ್ಮನ ಬಳಿಯೂ ಕೇಳಬೇಕಾಗಿಲ್ಲ.